ಮಳೆ ದತ್ತಾಂಶದ ಕಡತಗಳು: ತರುವ ವಿಧಾನ, ಕಾಪಿಡುವ ಕ್ರಮ

ಪುಣೆಯ ಶಿವಾಜಿನಗರದಲ್ಲಿರುವ ಭಾರತೀಯ ಹವಾಮಾನ ಇಲಾಖೆಯ ಕಚೇರಿಯನ್ನು ಆ ನಗರದ ಜನರು ಇಂದಿಗೂ ‘ಸಿಮ್ಲಾ ಆಫೀಸ್’ ಎಂದೇ ಕರೆಯುತ್ತಾರೆ. 1875ರಲ್ಲಿ ಸ್ಥಾಪನೆಗೊಂಡ ಇಲಾಖೆಯ ಕೇಂದ್ರ ಕಚೇರಿಯು 1928ರಲ್ಲಿ ಸಿಮ್ಲಾದಿಂದ ಪುಣೆಗೆ ಸ್ಥಳಾಂತರಗೊಂಡದ್ದೇ ಈ ಹೆಸರಿಗೆ ಕಾರಣ. 1944ರಲ್ಲಿ ಕೇಂದ್ರ ಕಚೇರಿ ದೆಹಲಿಗೆ ತೆರಳಿತಾದರೂ, ದೇಶದ ಹವಾಮಾನ ದಾಖಲೆಗಳನ್ನು ಪರಿಶೀಲಿಸಿ ಒದಗಿಸುವ ಕಾರ್ಯ ಪುಣೆಯಲ್ಲಿಯೇ ನಡೆಯುತ್ತಿದೆ.

ಈ ದಾಖಲೆಗಳಲ್ಲಿ ಸಂಶೋಧಕರು ಅತಿ ಹೆಚ್ಚಾಗಿ ಬಳಸುವಂಥದ್ದು ದೈನಂದಿನ ಮಳೆಯ ಚೌಕುಳಿ ದತ್ತಾಂಶ. ಭಾರತದ ಭೂಪಟದ ಮೇಲೆ ಕಾಲು ಡಿಗ್ರಿ ಅಂತರದಲ್ಲಿ ಅಡ್ಡಲಾಗಿ 135, ಉದ್ದವಾಗಿ 129 ಬಿಂದುಗಳನ್ನು ಕಲ್ಪಿಸಿ, ಮಳೆಮಾಪನ ಕೇಂದ್ರಗಳ ಅಳತೆಗಳ ಆಧಾರದಿಂದ ಪ್ರತಿ ಬಿಂದುವಿಗೂ ಆ ದಿನದ ಮಳೆಯನ್ನು ಗಣಿಸಲಾಗುತ್ತದೆ. 1901ರಿಂದ ಮೊದಲ್ಗೊಂಡು ಪ್ರತಿ ವರ್ಷಕ್ಕೂ ಒಂದೊಂದು ಕಡತವನ್ನು ಇಲಾಖೆಯ ಪುಣೆ ಜಾಲತಾಣದಲ್ಲಿ ಸಾರ್ವಜನಿಕರಿಗೆ ಲಭ್ಯಗೊಳಿಸಲಾಗಿದೆ.

ಕಡತವನ್ನು ಇಳಿಸಿಕೊಳ್ಳುವುದು ಸುಲಭ. ಆದರೆ ಒಂದೆರಡು ವರ್ಷಗಳ ಅನಂತರ, ಲೆಕ್ಕ ಹಾಕಿದ್ದು ಯಾವ ಕಡತದಿಂದ ಎಂದು ಯಾರಾದರೂ ಪ್ರಶ್ನಿಸಿದಾಗ ಉತ್ತರಿಸುವುದು ಅಷ್ಟು ಸುಲಭವಲ್ಲ. ಅಳತೆಗಳು ಪರಿಷ್ಕೃತಗೊಂಡಾಗ ಕಡತದ ಹೆಸರು ಹಾಗೆಯೇ ಉಳಿದು ಒಳಗಿನ ಅಂಕಿಗಳು ಬದಲಾಗಿರಬಹುದು. ಹೋಲಿಕೆಗೆ ಬಳಸುವ ಸರಾಸರಿಯೂ ಸ್ಥಿರವಲ್ಲ. ದೇಶದ ನೈಋತ್ಯ ಮುಂಗಾರಿನ ‘ವಾಡಿಕೆ ಮಳೆ’ 1961–2010ರ ಅವಧಿಯ ಲೆಕ್ಕದಲ್ಲಿ 880.6 ಮಿಲಿಮೀಟರ್ ಇದ್ದು, 2022ರಲ್ಲಿ 1971–2020ರ ಅವಧಿಯನ್ನು ಅಂಗೀಕರಿಸಿದಾಗ 868.6 ಮಿಲಿಮೀಟರ್ ಆಯಿತು. 2023ರ ಮುಂಗಾರಿನಲ್ಲಿ ಸುರಿದ 820 ಮಿಲಿಮೀಟರ್ ಮಳೆ ಹೊಸ ವಾಡಿಕೆಯ ಶೇಕಡಾ 94ರಷ್ಟು; ಹಳೆಯ ವಾಡಿಕೆಗೆ ಹೋಲಿಸಿದರೆ ಶೇಕಡಾ 93ರಷ್ಟು ಮಾತ್ರ. ಅದೇ ವರ್ಷ ಕರ್ನಾಟಕದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಮಳೆ ಕೊರತೆಯ ಅಂಕಿಯನ್ನು ಮುಂದಿಟ್ಟುಕೊಂಡು ಪರಿಹಾರವನ್ನು ಕೋರುವಾಗ, ಅಂಕಿಯ ಮೂಲವನ್ನು ತೋರಿಸಲಾಗದ ಲೆಕ್ಕಕ್ಕೆ ಬೆಲೆ ಕಡಿಮೆ.

ಮೌಸ್ ಒತ್ತಿ ಕಡತಗಳನ್ನು ಒಂದೊಂದಾಗಿ ಇಳಿಸಿಕೊಂಡರೆ ಮಾಡಿದ ಕೆಲಸದ ಲಿಖಿತ ಕುರುಹು ಉಳಿಯುವುದಿಲ್ಲ. ಆದ್ದರಿಂದಲೇ ಕಮಾಂಡ್ ಲೈನ್, ಅಂದರೆ ಗಣಕಯಂತ್ರಕ್ಕೆ ಅಕ್ಷರಗಳಲ್ಲಿ ಆದೇಶ ನೀಡುವ ವಿಧಾನ, ಇಲ್ಲಿ ಉಪಯುಕ್ತ. 1996ರಲ್ಲಿ ಬಿಡುಗಡೆಯಾದ ‘ಡಬ್ಲ್ಯೂಗೆಟ್’ ಮತ್ತು 1998ರ ‘ಕರ್ಲ್’ ಈ ಕಾರ್ಯಕ್ಕೆ ಹೆಸರಾದ ಉಚಿತ ತಂತ್ರಾಂಶಗಳು. ಜಾಲವಿಳಾಸವನ್ನು ಕೊಟ್ಟರೆ ಡಬ್ಲ್ಯೂಗೆಟ್ ಕಡತವನ್ನು ತರುತ್ತದೆ. ನಡುವೆ ಸಂಪರ್ಕ ಕಡಿದರೆ, ಕಳುಹಿಸುವ ಗಣಕಯಂತ್ರವು ಅವಕಾಶ ನೀಡುವಲ್ಲಿ, ನಿಂತಲ್ಲಿಂದಲೇ ಮುಂದುವರಿಸಬಲ್ಲದು. ವರ್ಷವನ್ನು ಆರಿಸಿ ಗುಂಡಿ ಒತ್ತಬೇಕಾದ ಪುಟಗಳಲ್ಲಿ ಆ ಆಯ್ಕೆಯನ್ನೂ ಆದೇಶದೊಡನೆ ಕಳುಹಿಸಬೇಕಾಗುತ್ತದೆ. ಇದಕ್ಕೆ ಕರ್ಲ್ ಹೆಚ್ಚು ಅನುಕೂಲ. ನೀಡಿದ ಆದೇಶಗಳನ್ನು ಒಂದು ಚಿಕ್ಕ ಪಠ್ಯಕಡತದಲ್ಲಿ ಬರೆದಿಟ್ಟರೆ ಅದೇ ಕೆಲಸದ ದಾಖಲೆಯೂ ಆಗುತ್ತದೆ, ಮತ್ತೊಮ್ಮೆ ನಡೆಸಲೂ ಬರುತ್ತದೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಕೇಳಿದ ಕಡತ ದೊರೆಯದಿದ್ದಾಗ ಜಾಲತಾಣವು ‘ದೊರೆಯಲಿಲ್ಲ’ ಎಂಬ ಪುಟವೊಂದನ್ನು ಕಳುಹಿಸುತ್ತದೆ. ಕರ್ಲ್ ಆ ಪುಟವನ್ನೇ, ಬಳಕೆದಾರರು ಸೂಚಿಸಿದ ಹೆಸರಿನಲ್ಲಿ, ಮಳೆಯ ಕಡತವೆಂಬಂತೆ ಉಳಿಸಿಬಿಡುತ್ತದೆ! ‘ಫೇಲ್’ ಎಂಬ ಆಯ್ಕೆಯನ್ನು ಸೇರಿಸಿದರೆ ಇಂಥ ಸಂದರ್ಭದಲ್ಲಿ ಅದು ದೋಷವನ್ನು ವರದಿ ಮಾಡಿ ನಿಲ್ಲುತ್ತದೆ. ಆದರೂ ಗಾತ್ರವನ್ನು ಪರೀಕ್ಷಿಸುವುದು ಒಳ್ಳೆಯದು. ಬೈನರಿ ರೂಪದ ಕಡತದಲ್ಲಿ ಒಂದು ದಿನಕ್ಕೆ 17,415 ಬಿಂದುಗಳು, ಪ್ರತಿ ಬಿಂದುವಿಗೆ 4 ಬೈಟ್‌ಗಳು. ಆದ್ದರಿಂದ 365 ದಿನಗಳ ಕಡತ ಸರಿಯಾಗಿ 2,54,25,900 ಬೈಟ್, ಅಧಿಕ ವರ್ಷದ್ದು 2,54,95,560 ಬೈಟ್ ಇರಬೇಕು. ಇದಕ್ಕಿಂತ ಒಂದು ಬೈಟ್ ಕಡಿಮೆಯಾದರೂ ಕಡತ ಅಪೂರ್ಣವೆಂದೇ ತಿಳಿಯಬೇಕು.

ತಂದ ಕಡತವನ್ನು ಕಾಪಿಡಲು ಆವೃತ್ತಿ ನಿಯಂತ್ರಣದ ಭಂಡಾರ ನೆರವಾಗುತ್ತದೆ. ಇಂದು ವ್ಯಾಪಕವಾಗಿ ಬಳಕೆಯಲ್ಲಿರುವ ‘ಗಿಟ್’ ಎಂಬ ವ್ಯವಸ್ಥೆಯನ್ನು 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ರೂಪಿಸಿದರು. ‘ಗಿಟ್ ಆಡ್’ ಆದೇಶದಿಂದ ಕಡತವನ್ನು ಸೇರ್ಪಡೆಗೆ ಗುರುತಿಸಿ, ‘ಗಿಟ್ ಕಮಿಟ್’ ಆದೇಶದಿಂದ ದಾಖಲಿಸಲಾಗುತ್ತದೆ. ಕಡತದ ಒಳಗಿನ ಅಂಶದಿಂದಲೇ ಗಣಿಸಿದ, ಸಾಮಾನ್ಯವಾಗಿ 40 ಅಕ್ಷರ-ಅಂಕಿಗಳ, ಗುರುತನ್ನು ಗಿಟ್ ಅದಕ್ಕೆ ನೀಡುತ್ತದೆ. ಕಡತದ ಒಂದೇ ಅಂಕಿ ಬದಲಾದರೂ ಗುರುತು ಬೇರೆಯಾಗುತ್ತದೆ.

ಯಾರು, ಎಂದು ದಾಖಲಿಸಿದರು ಎಂಬುದನ್ನು ಗಿಟ್ ತಾನಾಗಿಯೇ ಬರೆದುಕೊಳ್ಳುತ್ತದೆ. ಕಡತ ಎಲ್ಲಿಂದ ಬಂತು ಎಂಬುದು ಮಾತ್ರ ಅದಕ್ಕೆ ತಿಳಿಯದು. ಬಹಳಷ್ಟು ಮಂದಿ ಮರೆಯುವ ಸಂಗತಿ ಇದೇ. ಜಾಲವಿಳಾಸ, ಇಳಿಸಿಕೊಂಡ ದಿನಾಂಕ, ಬಳಸಿದ ಆದೇಶ ಇವುಗಳನ್ನು ದಾಖಲೆಯ ಟಿಪ್ಪಣಿಯಲ್ಲಿ ಬಳಕೆದಾರರೇ ಬರೆಯಬೇಕು. ‘ಹೊಸ ಕಡತ ಸೇರಿಸಲಾಗಿದೆ’ ಎಂಬ ಟಿಪ್ಪಣಿಯಿಂದ ಯಾವ ಪ್ರಯೋಜನವೂ ಇಲ್ಲ.

ದೊಡ್ಡ ಕಡತಗಳ ವಿಷಯದಲ್ಲಿ ಮಿತವ್ಯಯ ಬೇಕು. 1901ರಿಂದ 2024ರವರೆಗಿನ ಮಳೆಯ ಕಡತಗಳು ಒಟ್ಟು ಸುಮಾರು 3 ಗಿಗಾಬೈಟ್ ಆಗುತ್ತವೆ. ಗಿಟ್ ಹಳೆಯ ಆವೃತ್ತಿಗಳನ್ನೂ ಉಳಿಸಿಕೊಳ್ಳುವುದರಿಂದ, ಪರಿಷ್ಕೃತ ಕಡತಗಳು ಸೇರಿದಂತೆಲ್ಲ ಭಂಡಾರ ಬೆಳೆಯುತ್ತದೆ. ಅದರ ಪ್ರತಿ ಪಡೆಯುವವರು ಸಾಮಾನ್ಯವಾಗಿ ಇಡೀ ಚರಿತ್ರೆಯನ್ನೇ ಇಳಿಸಿಕೊಳ್ಳಬೇಕಾಗುತ್ತದೆ. ಹೀಗಾಗಿ ಮೂಲ ಕಡತಗಳನ್ನು ಪ್ರತ್ಯೇಕ ಡಿಸ್ಕಿನಲ್ಲಿರಿಸಿ, ಆದೇಶಗಳ ಕಡತವನ್ನೂ ಪ್ರತಿ ಕಡತದ ಗಾತ್ರ ಹಾಗೂ ಗುರುತಿನ ಪಟ್ಟಿಯನ್ನೂ ಮಾತ್ರ ಭಂಡಾರಕ್ಕೆ ಸೇರಿಸುವುದು ಮೇಲು. ಆಗ ಡಿಸ್ಕಿನ ಹಳೆಯ ಪ್ರತಿಯನ್ನು ಅಳಿಸದೆ ಹೊಸದನ್ನು ಬೇರೆ ಕೋಶದಲ್ಲಿಡಬೇಕು. ಏಕೆಂದರೆ ಪಟ್ಟಿಯಿಂದ ಕಡತವನ್ನು ಗುರುತಿಸಬಹುದೇ ಹೊರತು ಮರಳಿ ಪಡೆಯಲಾಗದು. ಒಂದು ಜಿಲ್ಲೆಯ ಅಂಕಿಗಳನ್ನಷ್ಟೇ ಬೇರ್ಪಡಿಸಿದ ಚಿಕ್ಕ ಕಡತವಾದರೆ ಭಂಡಾರದೊಳಗೇ ಇಡಬಹುದು.

ಮುಂದಿನ ವರ್ಷ ಅದೇ ಆದೇಶಗಳನ್ನು ನಡೆಸಿ, ಹೊಸ ಪಟ್ಟಿಯನ್ನು ಸಿದ್ಧಪಡಿಸಿ ‘ಗಿಟ್ ಡಿಫ್’ ಎಂದು ಕೇಳಿದರೆ, ಬದಲಾದ ವರ್ಷಗಳ ಸಾಲುಗಳು ಮಾತ್ರ ಪರದೆಯ ಮೇಲೆ ಬೇರೆಯಾಗಿ ಕಾಣಿಸುತ್ತವೆ. ಏನೂ ಕಾಣಿಸದಿದ್ದರೆ ಹಿಂದಿನ ಲೆಕ್ಕವನ್ನು ಹಾಗೆಯೇ ಮುಂದುವರಿಸಬಹುದು. ಕಾಣಿಸಿದರೆ ಆಯಾ ವರ್ಷಗಳ ಲೆಕ್ಕವನ್ನು ಹೊಸದಾಗಿ ಮಾಡಬೇಕಾಗುತ್ತದೆ.