ಕಣ್ಣಿಗೆ ಕಾಣದ ವಿಕಿರಣ

ಮಕ್ಕಳೇ, ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ನದಿ ಹೊಸನಗರ ತಾಲ್ಲೂಕನ್ನು ಹಾದು, ಸಾಗರದ ಲಿಂಗನಮಕ್ಕಿ ಅಣೆಕಟ್ಟೆಯನ್ನು ಸೇರುತ್ತದೆ. ಆ ನೀರಿನಿಂದ ವಿದ್ಯುತ್ ತಯಾರಾಗುವುದು ನಿಮಗೆ ಗೊತ್ತು. ನೆರೆಯ ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲೂ ವಿದ್ಯುತ್ ತಯಾರಾಗುತ್ತದೆ. ಅಲ್ಲಿ ಇಂಧನ ಯುರೇನಿಯಂ ಎಂಬ ಲೋಹ. ಇದು ವಿಕಿರಣವನ್ನು ಹೊಮ್ಮಿಸುತ್ತದೆ. ವಿಕಿರಣ ಜೀವಿಗಳಿಗೆ ಏನು ಮಾಡುತ್ತದೆ?

ಯುರೇನಿಯಂನಿಂದ ಹೊರಬರುವ ಆಲ್ಫಾ ಕಣಗಳನ್ನು ಒಂದು ಹಾಳೆ ಕಾಗದವೂ ತಡೆಯಬಲ್ಲದು. ನಮ್ಮ ಚರ್ಮವೂ ತಡೆಯುತ್ತದೆ. ಆದರೆ ಯುರೇನಿಯಂ ದೂಳು ಉಸಿರಿನೊಂದಿಗೆ ಒಳಹೊಕ್ಕರೆ ಶ್ವಾಸಕೋಶಕ್ಕೆ ಹಾನಿ. ನೀರಿನಲ್ಲಿ ಹೆಚ್ಚಾಗಿ ಸೇರಿದರೆ ಮೂತ್ರಪಿಂಡಕ್ಕೆ ಹಾನಿ. ಸ್ಥಾವರದಲ್ಲಿ ಬಳಸಿ ತೆಗೆದ ಇಂಧನ ಇನ್ನೂ ಅಪಾಯಕಾರಿ. ಅದರ ಗಾಮಾ ಕಿರಣಗಳು ದೇಹವನ್ನೇ ತೂರಿಹೋಗುತ್ತವೆ.

ವಿಕಿರಣವು ಜೀವಕೋಶದಲ್ಲಿರುವ ಡಿಎನ್‌ಎ ಎಳೆಯನ್ನು ತುಂಡರಿಸಬಲ್ಲದು. ಸಣ್ಣ ಪೆಟ್ಟನ್ನು ಜೀವಕೋಶ ತಾನೇ ಸರಿಪಡಿಸಿಕೊಳ್ಳುತ್ತದೆ. ಸರಿಪಡಿಸುವಾಗ ತಪ್ಪಾದರೆ ವರ್ಷಗಳ ನಂತರ ಕ್ಯಾನ್ಸರ್ ಬರಬಹುದು. ಬೆಳೆಯುವ ಮಕ್ಕಳಿಗೆ ಈ ಅಪಾಯ ಹೆಚ್ಚು. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸ್ಫೋಟಿಸಿದಾಗ ವಿಕಿರಣ ಸೂಸುವ ಅಯೋಡಿನ್ ಹುಲ್ಲಿನ ಮೇಲೆ ಬಿತ್ತು. ಹುಲ್ಲನ್ನು ಹಸು ತಿಂದಿತು, ಹಸುವಿನ ಹಾಲನ್ನು ಮಕ್ಕಳು ಕುಡಿದರು. ಮುಂದೆ ಅವರಲ್ಲಿ ಅನೇಕರಿಗೆ ಥೈರಾಯ್ಡ್ ಕ್ಯಾನ್ಸರ್ ಬಂತು.

2009ರ ನವೆಂಬರ್‌ನಲ್ಲಿ ಕೈಗಾದ ಒಂದು ಕುಡಿಯುವ ನೀರಿನ ಕೂಲರ್‌ಗೆ ಟ್ರಿಟಿಯಂ ಎಂಬ ವಿಕಿರಣ ವಸ್ತು ಸೇರಿತ್ತು. ನೀರಿನ ಬಣ್ಣ, ರುಚಿ ಬದಲಾಗಿರಲಿಲ್ಲ. ವಿಷಯ ಬೆಳಕಿಗೆ ಬಂದದ್ದು ನೌಕರರ ಮೂತ್ರ ಪರೀಕ್ಷೆಯಿಂದ! ಆದ್ದರಿಂದಲೇ ಅಣುಸ್ಥಾವರದ ಸುತ್ತಲಿನ ನೀರು, ಹಾಲು, ಮಣ್ಣು, ಮೀನನ್ನು ತಪ್ಪದೆ ಪರೀಕ್ಷಿಸುತ್ತಿರಬೇಕು.

ಆಸ್ಪತ್ರೆಗೆ ಹೋದಾಗ ಎಕ್ಸ್‌ರೇ ಕೋಣೆಯ ಬಾಗಿಲನ್ನು ನೋಡಿ. ಮೂರು ದಳಗಳ ಗುರುತು ಕಂಡಿತೇ? ಅದು ವಿಕಿರಣದ ಎಚ್ಚರಿಕೆ. ಅದನ್ನು ನಿಮ್ಮ ಪುಸ್ತಕದಲ್ಲಿ ಬರೆದು, ಗೆಳೆಯರಿಗೂ ತೋರಿಸಿ.