ದಪ್ಪ ಚಕ್ರದ ವಿದ್ಯುತ್ ಬೈಸಿಕಲ್ಲು: ಒಂದು ಪರೀಕ್ಷೆ

ಮನೆಗೆ ಹೊಸದಾಗಿ ಬರುವ ಯಾವ ವಾಹನವಾದರೂ ಎರಡು ಬಗೆಯ ಪರೀಕ್ಷೆಗೆ ಒಳಗಾಗುವುದುಂಟು. ಅದನ್ನು ಏರತಕ್ಕವರು ಅದರ ಸೊಗಸನ್ನೂ ವೇಗವನ್ನೂ ನೋಡುವರು. ಏರಿದವರು ಸಂಜೆಗೆ ಕ್ಷೇಮವಾಗಿ ಹಿಂದಿರುಗುವರೇ ಎಂದು ಬಾಗಿಲಲ್ಲಿ ಕಾದಿರತಕ್ಕವರು ಅದರ ಬ್ರೇಕನ್ನು ನೋಡುವರು. ಇವೆರಡರಲ್ಲಿ ಒಂದನ್ನು ಮಾತ್ರ ನಡೆಸಿದರೆ ಪರೀಕ್ಷೆ ಅರ್ಧವಾಯಿತೆಂದೇ ಹೇಳಬೇಕು.

2025ನೆಯ ಇಸವಿಯ ಬೇಸಗೆಯಲ್ಲಿ ನಾವು ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದ ದಕ್ಷಿಣ ಭಾಗದಲ್ಲಿ ನೆಲಸಿರುವ ನಮ್ಮ ತಂಗಿಯ ಮನೆಯಲ್ಲಿ ಕೆಲವು ತಿಂಗಳು ಇದ್ದೆವು. ನಾವು ಹೋಗುವ ವೇಳೆಗೆ ಆ ಮನೆಯಲ್ಲಿ ಒಂದು ವ್ಯಾಜ್ಯ ನಡೆದಿತ್ತು. ಹದಿನಾರು ವರ್ಷದ ನಮ್ಮ ಸೋದರಳಿಯನು ರಜೆಯಲ್ಲಿ ದುಡಿದು ಕೂಡಿಟ್ಟ ಹಣದಿಂದ, ನೆರೆಯ ಬೀದಿಯವರೊಬ್ಬರು ಬಳಸಿ ಮಾರಿದ ವಿದ್ಯುತ್ ಬೈಸಿಕಲ್ಲೊಂದನ್ನು ಕೊಂಡು ತಂದಿದ್ದನು. ಮಾರಿದವರು ಸಜ್ಜನರು, ಬೇಡವೆಂದರೆ ಒಂದು ತಿಂಗಳೊಳಗೆ ಹಿಂದಕ್ಕೆ ತೆಗೆದುಕೊಳ್ಳಲು ಒಪ್ಪಿದ್ದರು. ತಂಗಿಯು ನಮ್ಮನ್ನು ಕಂಡೊಡನೆಯೇ, “ಅಣ್ಣ, ನೀನು ಮೈಸೂರಿನಲ್ಲಿದ್ದಾಗ ಯೆಜ್ಡಿಯನ್ನು ಬಿಚ್ಚಿ ಜೋಡಿಸಿದವನು. ಇದನ್ನು ಇಟ್ಟುಕೊಳ್ಳಬಹುದೋ, ಹಿಂದಕ್ಕೆ ಕಳುಹಿಸಬೇಕೋ, ನೀನೇ ಹೇಳು” ಎಂದಳು. ಹುಡುಗನು ಏನೂ ಹೇಳದೆ ನಮ್ಮ ಮುಖವನ್ನೇ ನೋಡುತ್ತಿದ್ದನು. ಅವನಿಗೆ ಇದು ಆಟದ ವಸ್ತುವಾಗಿರಲಿಲ್ಲ. ಶಾಲೆ ನಾಲ್ಕು ಮೈಲಿ ದೂರ; ತಂದೆತಾಯಿಗಳು ಬೆಳಿಗ್ಗೆ ಏಳಕ್ಕೆ ಮುಂಚೆಯೇ ಕೆಲಸಕ್ಕೆ ಹೊರಡುವರು; ಅನುಕೂಲವಾದ ಬಸ್ಸಿಲ್ಲ. ನಾವು ಮೂರು ವಾರಗಳ ಅವಕಾಶ ಕೇಳಿಕೊಂಡು ಪರೀಕ್ಷೆಗೆ ತೊಡಗಿದೆವು.

ವಾಹನದ ಸ್ವರೂಪ

ದೂರದಿಂದ ನೋಡಿದರೆ ಇದು ಮೋಟಾರ್ ಸೈಕಲಿನ ಮರಿಯೆಂದು ತೋರುವುದು. ಉದ್ದವಾದ ಮೆತ್ತನೆಯ ಸೀಟು, ಮುಂದೆ ದುಂಡಾದ ದೊಡ್ಡ ದೀಪ, ಪೆಟ್ರೋಲ್ ಟ್ಯಾಂಕು ಇರಬೇಕಾದ ಸ್ಥಳದಲ್ಲಿ ಬ್ಯಾಟರಿಯ ಪೆಟ್ಟಿಗೆ. 20 ಅಂಗುಲದ ಚಕ್ರಗಳಿಗೆ 4 ಅಂಗುಲ ಅಗಲದ ಟಯರುಗಳು. ಹತ್ತಿರ ಹೋದರೆ ಮಾತ್ರ ಎರಡು ಪೆಡಲುಗಳು ಕಣ್ಣಿಗೆ ಬೀಳುವುವು. ಮೋಟಾರು ಹಿಂದಿನ ಚಕ್ರದ ನಡುಗುಂಬದಲ್ಲಿಯೇ ಅಡಗಿರುವುದು. ಪೆಡಲನ್ನು ತುಳಿದರೆ ಅದು ಸಹಾಯ ಮಾಡುವುದು. ಹಿಡಿಯ ಬಳಿಯಿರುವ ಎಕ್ಸಲರೇಟರನ್ನು ಹೆಬ್ಬೆರಳಿನಿಂದ ಒತ್ತಿದರೆ ತುಳಿಯದೆಯೂ ಓಡುವುದು. ಒಟ್ಟು ತೂಕ ಸುಮಾರು 33 ಕಿಲೋಗ್ರಾಂ. ಸಾಧಾರಣ ಬೈಸಿಕಲ್ಲಿನ ಎರಡರಷ್ಟಕ್ಕಿಂತಲೂ ಹೆಚ್ಚು.

ಇಷ್ಟು ದಪ್ಪದ ಟಯರುಗಳು ಪಟ್ಟಣದ ಬೀದಿಗಾಗಿ ಹುಟ್ಟಿದವುಗಳಲ್ಲ. ಅಲಾಸ್ಕದ ಹಿಮದ ಮೇಲೆ ಬೈಸಿಕಲ್ಲು ಹೂತುಹೋಗದೆ ಸಾಗಲೆಂದು ಅಲ್ಲಿಯ ಸಾಹಸಿಗಳು ಅಗಲವಾದ ಚಕ್ರಗಳನ್ನು ಮಾಡಿಕೊಂಡರು. 2005ರಲ್ಲಿ ಮಿನ್ನೆಸೋಟದ ಸರ್ಲಿ ಸಂಸ್ಥೆಯವರು ‘ಪಗ್ಸ್‌ಲಿ’ ಎಂಬ ಬೈಸಿಕಲ್ಲನ್ನು ಹೊರತಂದ ಮೇಲೆ ಇಂಥ ಟಯರುಗಳು ಸಾಮಾನ್ಯರ ಕೈಗೆ ಬಂದುವು. 2016ರಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಸೂಪರ್73 ಎಂಬ ವಾಹನವು, ಈ ದಪ್ಪ ಟಯರಿಗೆ ಹಿಂದಿನ ಕಾಲದ ಪುಟ್ಟ ಮೋಟಾರ್ ಬೈಕುಗಳ ರೂಪವನ್ನೂ ವಿದ್ಯುತ್ ಮೋಟಾರನ್ನೂ ಕೂಡಿಸಿ ಪ್ರಸಿದ್ಧವಾಯಿತು. ಅದರ ತರುವಾಯ ಹಲವು ತಯಾರಕರು ಅದೇ ಜಾಡಿನಲ್ಲಿ ನಡೆದಿರುವರು. ನಾವು ಪರೀಕ್ಷಿಸಿದುದೂ ಆ ಜಾತಿಯದೇ.

ಸವಾರಿಯ ಗುಣದೋಷಗಳು

ಮೊದಲ ದಿನವೇ ನಾವೊಂದು ತಪ್ಪು ಮಾಡಿದೆವು. ಕಿರಿದಾದ ಟಯರಿಗೆ ಗಟ್ಟಿಯಾಗಿ ಗಾಳಿ ತುಂಬಿಸುವ ಹಳೆಯ ಅಭ್ಯಾಸದಿಂದ, ಇದಕ್ಕೂ ಟಯರಿನ ಮೇಲೆ ಮುದ್ರಿಸಿದ್ದ ಪರಮಾವಧಿಯವರೆಗೆ ಗಾಳಿ ಹೊಡೆದೆವು. ಗಾಡಿಯು ಚೆಂಡಿನಂತೆ ಪುಟಿಯಿತು. ಮರಳು ಬಿದ್ದಿದ್ದ ತಿರುವಿನಲ್ಲಿ ಜಾರಿ ನಮ್ಮ ಮೊಣಕೈಯನ್ನೂ ತರಚಿತು. ಚದರ ಅಂಗುಲಕ್ಕೆ 18 ಪೌಂಡಿನಷ್ಟು ಒತ್ತಡಕ್ಕೆ ಇಳಿಸಿದ ಮೇಲೆ ಅದೇ ವಾಹನವು ಬಿರುಕುಗಳ ಮೇಲೆಯೂ ಗಡಸುನೆಲದ ಮೇಲೆಯೂ ಮೆತ್ತಗೆ ಸಾಗಿತು. ದಪ್ಪ ಟಯರಿನ ಪ್ರಯೋಜನವೆಲ್ಲ ಅದರ ಮೃದುತ್ವದಲ್ಲಿಯೇ ಇರುವುದೆಂಬುದನ್ನು ಹೀಗೆ ಮೈಮುಟ್ಟಿ ಕಲಿತೆವು.

ಬ್ಯಾಟರಿಯು 48 ವೋಲ್ಟಿನದು, 20 ಆಂಪಿಯರ್ ಗಂಟೆಯದು. ಎರಡನ್ನೂ ಗುಣಿಸಿದರೆ 960 ವಾಟ್ ಗಂಟೆ. ಎಂದರೆ ನಮ್ಮ ಮನೆಯ ಮೀಟರಿನ ಲೆಕ್ಕದಲ್ಲಿ ಒಂದು ಯೂನಿಟ್ಟಿಗೆ ಸ್ವಲ್ಪ ಕಡಿಮೆ. ತುಳಿಯದೆ ಎಕ್ಸಲರೇಟರನ್ನು ಮಾತ್ರ ನಂಬಿ ಏರಿಳಿತಗಳಿರುವ ಬೀದಿಗಳಲ್ಲಿ ಓಡಿಸಿದಾಗ ನಮಗೆ 31 ಮೈಲಿಗಳು ದೊರೆತುವು. ಸಹಾಯವನ್ನು ಅತ್ಯಲ್ಪಕ್ಕೆ ಇಳಿಸಿ ತುಳಿದಾಗ ಐವತ್ತು ಮೈಲಿ ದಾಟಿತು. ಶಾಲೆಗೆ ಹೋಗಿಬರಲು ದಿನಕ್ಕೆ 8 ಮೈಲಿ ಸಾಕಾಗಿರುವಾಗ ಇದು ಧಾರಾಳವೇ ಸರಿ.

ಇನ್ನು ದೋಷಗಳು. ಸೀಟು ತಗ್ಗಾಗಿರುವುದರಿಂದ ತುಳಿಯುವಾಗ ಮೊಣಕಾಲು ಎದೆಯ ಕಡೆಗೆ ಬರುವುದು; ಬ್ಯಾಟರಿ ಬರಿದಾದರೆ ಇಷ್ಟು ಭಾರವನ್ನು ಕಾಲಿನಿಂದ ಮನೆಗೆ ತಲಪಿಸುವುದು ಶಿಕ್ಷೆಯೇ ಆಗುವುದು. ಪಂಕ್ಚರ್ ಆದರೆ ಹಿಂದಿನ ಚಕ್ರವನ್ನು ಕಳಚಲು ಮೋಟಾರಿನ ತಂತಿಯನ್ನು ಬಿಡಿಸಿ ದೊಡ್ಡ ಸ್ಪ್ಯಾನರಿನಿಂದ ಅಚ್ಚಿನ ನಟ್ಟುಗಳನ್ನು ಸಡಿಲಿಸಬೇಕು. ಮಹಡಿಯ ಮನೆಯವರು ಇದನ್ನು ಮೆಟ್ಟಿಲ ಮೇಲೆ ಹೊರುವ ವಿಚಾರವನ್ನೇ ಬಿಡಬೇಕು.

ಒಡೆಯರು ಮಾಡಿಕೊಳ್ಳುವ ಮಾರ್ಪಾಡುಗಳು

ಈ ವಾಹನಗಳನ್ನು ಕೊಂಡವರು ಕೊಂಡಂತೆಯೇ ಇಟ್ಟುಕೊಳ್ಳುವುದು ಅಪೂರ್ವ. ನಮ್ಮ ಅನುಭವದಲ್ಲಿ ಆ ಮಾರ್ಪಾಡುಗಳನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು.

ಮೊದಲನೆಯ ವರ್ಗದವು ಸರ್ವಥಾ ಉಪಾದೇಯ. ಮಡ್‌ಗಾರ್ಡು, ಕನ್ನಡಿ, ಗಟ್ಟಿಯಾದ ಗಂಟೆ ಅಥವಾ ಹಾರನ್ನು, ಹಿಂದಿನ ಕೆಂಪು ದೀಪ, ಪಂಕ್ಚರ್ ತಡೆಯಲು ಟಯರಿನೊಳಗೆ ಹಾಸುವ ಪಟ್ಟಿ, ಎತ್ತರಿಸಿದ ಸೀಟು. ಇವುಗಳಿಗಿಂತ ಮುಖ್ಯವಾದುದು ಬ್ರೇಕು. ನಮ್ಮ ವಾಹನಕ್ಕೆ ತಂತಿಯಿಂದ ಎಳೆಯುವ ಡಿಸ್ಕ್ ಬ್ರೇಕುಗಳಿದ್ದುವು. ಭಾನುವಾರ ಬೆಳಿಗ್ಗೆ ಬರಿದಾಗಿದ್ದ ಒಂದು ಬಯಲಿನಲ್ಲಿ ಸೀಮೆಸುಣ್ಣದ ಗೆರೆ ಎಳೆದು, ಗಂಟೆಗೆ 20 ಮೈಲಿಯ ವೇಗದಲ್ಲಿ ಬಂದು ಗೆರೆಯ ಮೇಲೆ ಬ್ರೇಕು ಹಿಡಿದೆವು. ಹತ್ತು ಸಲದ ಸರಾಸರಿಯಲ್ಲಿ 36 ಅಡಿ ಮುಂದೆ ಹೋಗಿ ನಿಂತಿತು. ಎಣ್ಣೆಯ ಒತ್ತಡದಿಂದ ನಡೆಯುವ ಬ್ರೇಕುಗಳನ್ನೂ ಅಗಲವಾದ ತಟ್ಟೆಗಳನ್ನೂ ಹಾಕಿಸಿದ ಮೇಲೆ ಅದೇ ಗೆರೆಯಿಂದ 28 ಅಡಿಗೆ ನಿಂತಿತು. ಈ ಎಂಟು ಅಡಿಗಳ ಬೆಲೆಯನ್ನು ಮುಂದೆ ಹೇಳುವೆವು.

ಎರಡನೆಯ ವರ್ಗದವು ವಿಚಾರಿಸಿ ಮಾಡತಕ್ಕವು. ಬ್ಯಾಟರಿಯು ಇವುಗಳಲ್ಲಿ ಮುಖ್ಯ. 48 ವೋಲ್ಟಿನ ಬ್ಯಾಟರಿಯಲ್ಲಿ 13 ಕೋಶಗಳು ಸಾಲಾಗಿ ಜೋಡಿಸಲ್ಪಟ್ಟಿರುವುವು. ಪೂರ್ಣವಾಗಿ ತುಂಬಿದಾಗ ಅದರ ಒತ್ತಡ 54.6 ವೋಲ್ಟು. ಹೆಚ್ಚು ಚುರುಕು ಬೇಕೆಂದು ಕೆಲವರು 14 ಕೋಶಗಳ 52 ವೋಲ್ಟಿನದನ್ನು ಹಾಕುವರು; ಅದು ತುಂಬಿದಾಗ 58.8 ವೋಲ್ಟಿಗೆ ಏರುವುದು. ಮೋಟಾರಿನ ಶಕ್ತಿಯನ್ನು ನಿಯಂತ್ರಿಸುವ ಕಂಟ್ರೋಲರು ಅದಕ್ಕೆ ತಕ್ಕುದಾಗಿರದಿದ್ದರೆ ಸುಟ್ಟುಹೋಗುವುದು. ಒಂದರ ಚಾರ್ಜರನ್ನು ಮತ್ತೊಂದಕ್ಕೆ ಹಾಕಿದರೆ ಅನಾಹುತವೇ ಆಗಬಹುದು.

ಹಿಂದಿನ ಒಡೆಯರು ನಮ್ಮ ಹುಡುಗನಿಗೆ ಉಚಿತವಾಗಿ ಕೊಟ್ಟಿದ್ದ ಎರಡನೆಯ ಬ್ಯಾಟರಿಯನ್ನು ನಾವು ಮೇಜಿನ ಮೇಲಿಟ್ಟು ನೋಡಿದೆವು. ಅದರ ಮೇಲೆ ತಯಾರಕರ ಹೆಸರಿಲ್ಲ, ಪರೀಕ್ಷೆಯ ಮುದ್ರೆಯಿಲ್ಲ. ಸುತ್ತಲೂ ಅಂಟುಪಟ್ಟಿ ಸುತ್ತಿತ್ತು. ಹುಡುಗನು ಅದನ್ನು ಹೊರಬಾಗಿಲ ಪಕ್ಕದಲ್ಲಿಯೇ ರಾತ್ರಿಯೆಲ್ಲ ಚಾರ್ಜಿಗೆ ಇಡುತ್ತಿದ್ದನು. ಆ ಮನೆಗೆ ಇರುವ ಬಾಗಿಲು ಅದೊಂದೇ. ಲಿಥಿಯಂ ಕೋಶವೊಂದು ಒಳಗೆ ಕೆಟ್ಟು ಕಾವೇರಿದರೆ ಅದರ ಉರಿ ಪಕ್ಕದ ಕೋಶಕ್ಕೆ ಹಬ್ಬುವುದು. ಕೆಲವೇ ಕ್ಷಣಗಳಲ್ಲಿ ಹೊಗೆಯೂ ಜ್ವಾಲೆಯೂ ಕೋಣೆಯನ್ನು ತುಂಬುವುವು. 2023ರಲ್ಲಿ ನ್ಯೂಯಾರ್ಕ್ ನಗರವೊಂದರಲ್ಲಿಯೇ ಲಿಥಿಯಂ ಬ್ಯಾಟರಿಗಳಿಂದ 268 ಬೆಂಕಿಗಳು ಹೊತ್ತಿ 18 ಮಂದಿ ಮೃತರಾದರು. ಆ ವರ್ಷದ ಸೆಪ್ಟೆಂಬರಿನಿಂದ ಆ ನಗರದಲ್ಲಿ ಯು.ಎಲ್. 2849 ಎಂಬ ಪ್ರಮಾಣಕ್ಕೆ ಸರಿಹೊಂದದ ವಿದ್ಯುತ್ ಬೈಸಿಕಲ್ಲುಗಳ ಮಾರಾಟಕ್ಕೆ ನಿಷೇಧ ಬಂದಿತು.

ಈ ವಿಷಯದಲ್ಲಿ ನಾವು ಮೂರು ವಾರ ಕಾಯಲಿಲ್ಲ. ಮರುದಿನವೇ ಆ ಬ್ಯಾಟರಿಯನ್ನು, ಅಪಾಯಕರವಾದ ಕಸವನ್ನು ಸ್ವೀಕರಿಸುವ ಸರಕಾರಿ ಸ್ಥಳಕ್ಕೆ ಒಪ್ಪಿಸಿ ಬಂದೆವು. ಉಳಿದ ಬ್ಯಾಟರಿಗೆ ಯು.ಎಲ್. ಮುದ್ರೆ ಇತ್ತು; ಅದನ್ನು ತಯಾರಕರ ಚಾರ್ಜರಿನಿಂದಲೇ, ಹಗಲು ಹೊತ್ತಿನಲ್ಲಿ, ಮನೆಯವರು ಎಚ್ಚರವಾಗಿರುವಾಗ, ಬಾಗಿಲಿನಿಂದ ದೂರದಲ್ಲಿ ತುಂಬಿಸತಕ್ಕದ್ದೆಂದು ನಿಯಮ ಮಾಡಿದೆವು. ತಂಗಿಯು ಅಂದು ರಾತ್ರಿ ನೆಮ್ಮದಿಯಿಂದ ಮಲಗಿದಳು.

ಮೂರನೆಯ ವರ್ಗ: ವೇಗದ ಕಡಿವಾಣವನ್ನು ಕಳಚುವುದು

ಹುಡುಗನ ಮನಸ್ಸೆಲ್ಲ ಇದ್ದುದು ಇಲ್ಲಿ. ಈ ವಾಹನವು ಎಕ್ಸಲರೇಟರಿನಿಂದ ಗಂಟೆಗೆ 20 ಮೈಲಿ ಓಡಿ ನಿಲ್ಲುವಂತೆ ತಯಾರಕರು ಮಿತಿಯನ್ನು ಇಟ್ಟಿರುವರು. ಕಂಟ್ರೋಲರಿನ ಏರ್ಪಾಡನ್ನು ಬದಲಿಸಿದರೆ 28 ಮೈಲಿಯನ್ನೂ ಮೀರಬಹುದು. ಅವನ ಗೆಳೆಯರಲ್ಲಿ ಹಲವರು ಹಾಗೆ ಮಾಡಿಕೊಂಡಿದ್ದರು. “ಮಾವ, ಎಂಟು ಮೈಲಿ ತಾನೆ ಹೆಚ್ಚು?” ಎಂದು ಅವನು ಕೇಳಿದನು. ಪ್ರಶ್ನೆ ನ್ಯಾಯವಾದುದೇ, ಗದರಿಸಿದರೆ ಉತ್ತರವಾಗುವುದಿಲ್ಲ. ಆದುದರಿಂದ ಕಾಗದವನ್ನು ಮುಂದಿಟ್ಟುಕೊಂಡು ಅವನೊಡನೆಯೇ ಲೆಕ್ಕ ಹಾಕಿದೆವು.

ಓಡುವ ವಸ್ತುವಿನ ರಭಸಶಕ್ತಿಯು ವೇಗದ ವರ್ಗವನ್ನು ಅನುಸರಿಸಿ ಬೆಳೆಯುವುದು. 20ರ ವರ್ಗ 400. 28ರ ವರ್ಗ 784. ವೇಗ ಹೆಚ್ಚಿದುದು ಐದರಲ್ಲಿ ಎರಡು ಪಾಲು. ಬ್ರೇಕು ನುಂಗಬೇಕಾದ ಶಕ್ತಿ ಹೆಚ್ಚುಕಡಿಮೆ ಇಮ್ಮಡಿ. ಆದುದರಿಂದ ಹಳೆಯ ಬ್ರೇಕಿನಲ್ಲಿ 36 ಅಡಿಗೆ ನಿಂತ ವಾಹನವು 28 ಮೈಲಿಯ ವೇಗದಲ್ಲಿ ಸುಮಾರು 70 ಅಡಿಗೆ ನಿಲ್ಲುವುದು. ಇದಲ್ಲದೆ, ಅಪಾಯವನ್ನು ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆಯಿತೆಂದುಕೊಂಡರೆ, ಆ ಅವಧಿಯಲ್ಲಿ 20 ಮೈಲಿಯ ವೇಗದವನು 29 ಅಡಿಯನ್ನೂ 28ರವನು 41 ಅಡಿಯನ್ನೂ ಕ್ರಮಿಸಿರುವನು. ಒಟ್ಟಿನಲ್ಲಿ ಒಬ್ಬನು 65 ಅಡಿಯಲ್ಲಿಯೂ ಮತ್ತೊಬ್ಬನು 111 ಅಡಿಯಲ್ಲಿಯೂ ನಿಲ್ಲುವರು.

ಕಾನೂನಿನ ಮಾತೂ ಉಂಟು. ಅಮೆರಿಕದ 2002ನೆಯ ಇಸವಿಯ ಕಾಯಿದೆಯಂತೆ, 750 ವಾಟಿಗಿಂತ ಕಡಿಮೆ ಶಕ್ತಿಯುಳ್ಳ, ಮೋಟಾರಿನಿಂದಲೇ ಗಂಟೆಗೆ 20 ಮೈಲಿಯನ್ನು ಮುಟ್ಟದ ವಾಹನವು ಬೈಸಿಕಲ್ಲೆನಿಸುವುದು. 2015ರಲ್ಲಿ ಕ್ಯಾಲಿಫೋರ್ನಿಯಾ ಇವುಗಳನ್ನು ಮೂರು ತರಗತಿಗಳಾಗಿ ಮಾಡಿತು. ತುಳಿತಕ್ಕೆ ಸಹಾಯವಾಗಿ 28 ಮೈಲಿಯವರೆಗೆ ಓಡುವ ಮೂರನೆಯ ತರಗತಿಯ ಸವಾರರಿಗೆ 16 ವರ್ಷ ತುಂಬಿರಬೇಕು, ವಯಸ್ಸೆಷ್ಟಾದರೂ ಹೆಲ್ಮೆಟ್ಟು ಇರಬೇಕು. ಹದಿನೆಂಟು ತುಂಬದವರಿಗಂತೂ ಯಾವ ಬೈಸಿಕಲ್ಲಿಗಾದರೂ ಹೆಲ್ಮೆಟ್ಟು ಕಡ್ಡಾಯ. ಕೇವಲ ಎಕ್ಸಲರೇಟರಿನಿಂದ 20 ಮೈಲಿಯನ್ನು ಮೀರಿಸಿದರೆ ಅದು ಬೈಸಿಕಲ್ಲೇ ಅಲ್ಲ. ಲೈಸೆನ್ಸೂ ನೋಂದಣಿಯೂ ಬೇಕಾಗುವ ಮೋಟಾರು ವಾಹನ. ಇಂತಹ ಕಡಿವಾಣ ಕಳಚುವ ಸಾಧನಗಳನ್ನು ಮಾರುವುದನ್ನೂ 2024ರಲ್ಲಿ ಮಾಡಿದ ಶಾಸನವು ನಿಷೇಧಿಸಿತು.

ಇದನ್ನು ಓದಿ, ಇಂಥದೊಂದನ್ನು ಕನ್ನಡನಾಡಿಗೂ ತರಿಸಿಕೊಳ್ಳೋಣವೆಂದು ಯೋಚಿಸುವವರಿಗೆ ಒಂದು ಸೂಚನೆ: ಭಾರತದ ನಿಯಮದಲ್ಲಿ ಲೈಸೆನ್ಸಿಲ್ಲದೆ ಓಡಿಸಬಹುದಾದ ವಿದ್ಯುತ್ ಬೈಸಿಕಲ್ಲಿನ ಮಿತಿ 250 ವಾಟು, ಗಂಟೆಗೆ 25 ಕಿಲೋಮೀಟರು. ಅಲ್ಲಿಯ ಬೈಸಿಕಲ್ಲು ಇಲ್ಲಿ ಬೈಸಿಕಲ್ಲಾಗಿ ಉಳಿಯುವುದಿಲ್ಲ.

ಇಳಿಜಾರಿನಲ್ಲಿ ನಡೆದುದು

ಲೆಕ್ಕವನ್ನು ಹುಡುಗನು ಒಪ್ಪಿದನು. ಮನಸ್ಸು ಒಪ್ಪಿತೆಂದು ನಮಗೆ ತೋರಲಿಲ್ಲ. ಹೊಸ ಬ್ರೇಕು ಹಾಕಿಸಿದ ನಾಲ್ಕನೆಯ ದಿನ ಅವನು ಮನೆಯ ಹತ್ತಿರದ ಇಳಿಜಾರಿನಲ್ಲಿ ಬರುತ್ತಿದ್ದನು. ನಾವು ಕಾಲುದಾರಿಯಲ್ಲಿ ನಿಂತಿದ್ದೆವು. ಒಂದು ಮನೆಯ ಅಂಗಳದಿಂದ ಕಾರೊಂದು ಹಿಮ್ಮೆಟ್ಟಿ ಬೀದಿಗೆ ಬಂದಿತು. ಓಡಿಸುತ್ತಿದ್ದ ವೃದ್ಧೆಯು ಇವನನ್ನು ನೋಡಿರಲಿಲ್ಲ. ನಾವು ಕೂಗಿದೆವೋ ಇಲ್ಲವೋ ನಮಗೆ ನೆನಪಿಲ್ಲ. ಚಕ್ರಗಳು ಕಿರುಗುಟ್ಟಿದುವು, ವಾಹನವು ಕಾರಿನ ಬಾಗಿಲಿನಿಂದ ಒಂದು ಮೊಳ ದೂರದಲ್ಲಿ ನಿಂತಿತು. ಎಂಟು ಅಡಿಗಳ ಬೆಲೆ ಎಂದೆವಲ್ಲ, ಅದು ಇದು. ಹಳೆಯ ಬ್ರೇಕೇ ಇದ್ದಿದ್ದರೆ, ಅಥವಾ ಕಡಿವಾಣ ಕಳಚಿದ್ದಿದ್ದರೆ, ಈ ಲೇಖನವನ್ನು ನಾವು ಬರೆಯುತ್ತಿರಲಿಲ್ಲ.

ಅವನು ವಾಹನವನ್ನು ತಳ್ಳಿಕೊಂಡು ನಮ್ಮ ಬಳಿಗೆ ಬಂದನು. ಕೈ ನಡುಗುತ್ತಿತ್ತು. “ಮಾವ, ಅಮ್ಮನಿಗೆ ಹೇಳಬೇಡ” ಎಂದನು. ಸ್ವಲ್ಪ ದೂರ ನಡೆದ ಮೇಲೆ, “ಬೇಡ, ನಾನೇ ಹೇಳುತ್ತೇನೆ” ಎಂದನು. ಹೇಳಿದನು ಕೂಡ. ಅಡಿಗೆಮನೆಯಲ್ಲಿ ಕೆಲವು ಹೊತ್ತು ಯಾರೂ ಮಾತನಾಡಲಿಲ್ಲ.

ವಾಹನವನ್ನು ಇಟ್ಟುಕೊಳ್ಳಬಹುದೆಂದೇ ನಾವು ತೀರ್ಪು ಕೊಟ್ಟೆವು. ಅದನ್ನು ಕೇಳಿ ತಂಗಿಗೆ ಆಶ್ಚರ್ಯವಾಯಿತು. ಆದರೆ ನಮಗೆ ಕಾರಣಗಳಿದ್ದುವು. ಮಿತಿಯೊಳಗೆ ಓಡಿಸಿದರೆ ಇದು ಶಾಲೆಗೆ ಹೋಗಿಬರಲು ತಕ್ಕ ವಾಹನ. ನಿಲ್ಲಬೇಕಾದಲ್ಲಿ ನಿಲ್ಲುವುದೆಂಬುದನ್ನು ಕಣ್ಣಾರೆ ಕಂಡಿದ್ದೆವು. ಇದನ್ನು ಕಸಿದುಕೊಂಡರೆ, ಕಡಿವಾಣವಿಲ್ಲದ ಗೆಳೆಯನ ವಾಹನದ ಹಿಂದಿನ ಸೀಟಿನಲ್ಲಿ ಹುಡುಗನು ಕುಳಿತುಕೊಳ್ಳುವನು. ಹೆಲ್ಮೆಟ್ಟಿಲ್ಲದೆ ಏರಕೂಡದು, ಹಿಂದೆ ಯಾರನ್ನೂ ಕೂರಿಸಕೂಡದು, ಕಂಟ್ರೋಲರನ್ನು ಮುಟ್ಟಕೂಡದು ಎಂಬ ಮೂರು ಕಟ್ಟುಗಳನ್ನು ಅವನೇ ಬರೆದು ಗೋಡೆಗೆ ಅಂಟಿಸಿದನು.

ಮಕ್ಕಳು ಇಂಥ ವಾಹನವನ್ನು ಬೇಡಿದಾಗ ಗೃಹಸ್ಥರು ಮೊದಲು ಬ್ಯಾಟರಿಯ ಮೇಲಣ ಮುದ್ರೆಯನ್ನು ನೋಡಲಿ. ಆಮೇಲೆ ಬ್ರೇಕನ್ನು ನೋಡಲಿ. ಬಣ್ಣವನ್ನೂ ಸೀಟನ್ನೂ ಮಕ್ಕಳ ಇಷ್ಟಕ್ಕೇ ಬಿಡಲಿ. ಮಾರ್ಪಾಡಿಗೆಂದು ಹಣ ಕೂಡಿಟ್ಟಿದ್ದರೆ ಅದರ ಮೊದಲ ಕಾಸು ನಿಲ್ಲಿಸುವ ಸಾಧನಕ್ಕೆ ಸಲ್ಲಲಿ. ಆತುರಗಾರನಿಗೆ ಬುದ್ಧಿ ಮಟ್ಟವೆಂದು ನಮ್ಮ ಹಿರಿಯರು ಹೇಳುವರು. ಬುದ್ಧಿ ತಡವಾಗಿ ಬಂದರೂ ಬ್ರೇಕು ಸಕಾಲಕ್ಕೆ ಹಿಡಿಯುವಂತೆ ನೋಡಿಕೊಳ್ಳುವುದು ಮನೆಯ ಹಿರಿಯರ ಕೈಯಲ್ಲಿರುವುದು.