ಕೇಬಲ್ಲಿನ ಬೆಲೆ ಮತ್ತು ಸ್ಟೀರಿಯೊದ ಧ್ವನಿ

ಆಂಪ್ಲಿಫೈಯರ್‌ನಿಂದ ಸ್ಪೀಕರಿಗೆ ಹೋಗುವ ಕೇಬಲ್ ದುಬಾರಿಯಾದಷ್ಟೂ ಧ್ವನಿ ತಿಳಿಯಾಗುತ್ತದೆ ಎಂಬ ನಂಬಿಕೆ ಸಂಗೀತಪ್ರಿಯರಲ್ಲಿ ಬಲವಾಗಿದೆ. ಅಮೆರಿಕದಲ್ಲಿ 1970ರ ದಶಕದವರೆಗೂ ಮೇಜುದೀಪದ ಸಾಮಾನ್ಯ ವೈರನ್ನೇ ಸ್ಪೀಕರಿಗೂ ಜೋಡಿಸುತ್ತಿದ್ದರು. ಆ ದಶಕದ ಕೊನೆಗೆ ನೋಯೆಲ್ ಲೀ ಅವರ ಮಾನ್‌ಸ್ಟರ್ ಕೇಬಲ್ ಸಂಸ್ಥೆ ದಪ್ಪ ತಂತಿಯನ್ನು ಪ್ರತ್ಯೇಕ ಸರಕಾಗಿ ಮಾರತೊಡಗಿದ ಬಳಿಕ ಈ ನಂಬಿಕೆಗೆ ಮಾರುಕಟ್ಟೆಯೂ ದೊರೆಯಿತು.

ಇದು ಪೂರ್ತಿ ಹುಸಿಯಲ್ಲ. ವಿದ್ಯುತ್ ಪ್ರವಾಹಕ್ಕೆ ತಂತಿ ಒಡ್ಡುವ ತಡೆಯನ್ನು ರೋಧ ಎನ್ನುತ್ತಾರೆ. ತಂತಿ ಉದ್ದವಾದಷ್ಟೂ ತೆಳುವಾದಷ್ಟೂ ಅದು ಹೆಚ್ಚುತ್ತದೆ. ಐದು ಮೀಟರ್ ದೂರದ ಸ್ಪೀಕರಿಗೆ 1.5 ಚದರ ಮಿಲಿಮೀಟರಿನ ತಾಮ್ರದ ವೈರ್ ಎಳೆದರೆ, ಹೋಗಿಬರುವ ಹತ್ತು ಮೀಟರಿನ ರೋಧ ಸುಮಾರು 0.12 ಓಮ್, ಎಂಟು ಓಮ್ ಸ್ಪೀಕರಿನಲ್ಲಿ ಇದರ ನಷ್ಟ ಸುಮಾರು 0.13 ಡೆಸಿಬೆಲ್ ಮಾತ್ರವಾದ್ದರಿಂದ ಸಂಗೀತ ಕೇಳುವಾಗ ಅದು ಗಮನಕ್ಕೇ ಬಾರದು. ಅರ್ಧ ಚದರ ಮಿಲಿಮೀಟರಿನ ತೆಳು ತಂತಿಯನ್ನು ಹದಿನೈದು ಮೀಟರ್ ಎಳೆದರೆ ಮಾತ್ರ ರೋಧ ಒಂದು ಓಮ್ ದಾಟುತ್ತದೆ, ಮತ್ತು ಸ್ಪೀಕರಿನ ಸ್ವಂತ ತಡೆ ಸ್ವರದ ಆವೃತ್ತಿಗೆ ತಕ್ಕಂತೆ ಏರಿಳಿಯುವುದರಿಂದ ನಷ್ಟವೂ ಎಲ್ಲ ಸ್ವರಗಳಲ್ಲಿ ಒಂದೇ ಸಮವಾಗಿರದೆ ನಾದದ ಬಣ್ಣ ಕೊಂಚ ಬದಲಾಗುತ್ತದೆ.

ಬೆಳ್ಳಿಯ ತಂತಿಯ ಹೆಗ್ಗಳಿಕೆಯೂ ಇಷ್ಟೇ: ಅದರ ವಾಹಕತೆ ತಾಮ್ರಕ್ಕಿಂತ ಶೇಕಡಾ ಆರರಷ್ಟು ಮಾತ್ರ ಹೆಚ್ಚು, ಆ ಲಾಭವನ್ನು ತಾಮ್ರವನ್ನೇ ತುಸು ದಪ್ಪ ಮಾಡಿ ಪಡೆಯಬಹುದು. ಕೇಬಲ್ಲಿನ ಮೇಲಿನ ಬಾಣದ ಗುರುತಂತೂ ಸ್ಪೀಕರ್ ತಂತಿಯಲ್ಲಿ ಅರ್ಥಹೀನ, ಏಕೆಂದರೆ ಅಲ್ಲಿ ಹರಿಯುವುದು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಪರ್ಯಾಯ ವಿದ್ಯುತ್.

ಕೇಬಲ್ ನಿಜಕ್ಕೂ ಲೆಕ್ಕಕ್ಕೆ ಬರುವ ಜಾಗ ಗ್ರಾಮಫೋನ್ ರೆಕಾರ್ಡ್ ನುಡಿಸುವ ಟರ್ನ್‌ಟೇಬಲ್. ಅಲ್ಲಿನ ಚಲಿಸುವ ಅಯಸ್ಕಾಂತದ ಕಾರ್ಟ್ರಿಜ್, ತಂತಿಗಳ ನಡುವೆ ವಿದ್ಯುದಾವೇಶ ಸಂಗ್ರಹವಾಗುವ ಗುಣಕ್ಕೆ, ಅಂದರೆ ಧಾರಕತೆಗೆ, ಎಷ್ಟು ಸ್ಪಂದಿಸುತ್ತದೆಯೆಂದರೆ ಅದು ಹೆಚ್ಚಾದಾಗ ತಾರಸ್ವರಗಳ ಸಮತೋಲ ಕೆಡುತ್ತದೆ. ಸೋಜಿಗವೆಂದರೆ ಇಲ್ಲಿ ಬೇಕಾದದ್ದು ಧಾರಕತೆ ಕಡಿಮೆಯಿರುವ ಗಿಡ್ಡ ಕೇಬಲ್, ದುಬಾರಿಯದೇ ಆಗಬೇಕಿಲ್ಲ.

ಹಾಗಾದರೆ ಅನೇಕರಿಗೆ ವ್ಯತ್ಯಾಸ ಕೇಳಿಸುವುದೇಕೆ? ತುಸು ಜೋರಾದ ಧ್ವನಿ ಕಿವಿಗೆ ಉತ್ತಮವೆನಿಸುತ್ತದೆ, ಬೆಲೆ ತಿಳಿದ ಮನಸ್ಸು ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಆದ್ದರಿಂದಲೇ ವೋಲ್ಟ್‌ಮೀಟರಿನಿಂದ ಎರಡರ ಮಟ್ಟವನ್ನೂ ಸರಿಸಮಗೊಳಿಸಿ, ಯಾವ ಕೇಬಲ್ ಎಂದು ಕೇಳುಗನಿಗೆ ತಿಳಿಸದೆ ನಡೆಸಿದ ಹೋಲಿಕೆಗೆ ಮಾತ್ರ ಬೆಲೆಯಿದೆ. ಸಾಮಾನ್ಯ ಗಾತ್ರದ ಕೋಣೆಗೆ ಎಲೆಕ್ಟ್ರಿಕಲ್ ಅಂಗಡಿಯ 1.5 ಅಥವಾ 2.5 ಚದರ ಮಿಲಿಮೀಟರಿನ ತಾಮ್ರದ ವೈರನ್ನು ತುದಿ ಸಡಿಲವಾಗದಂತೆ ಬಿಗಿದರೆ ಸಾಕು. ಉಳಿದ ಹಣವನ್ನು ಉತ್ತಮ ಸ್ಪೀಕರಿಗೆ ಹಾಕುವುದೇ ಲೇಸು.